ಬಿಸಿನೆಸ್ ಸ್ಕೂಲಿನಲ್ಲಿ ನನಗೆ ಸೀಟು ಸಿಗುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಎಂಬಿಎಗೆ ಅರ್ಜಿ ಹಾಕಲು ಹೊರಟವರ ಮೊದಲ ಪ್ರಶ್ನೆ ಇದೇ. ಸ್ಕೋರು, ಅಂಕಪಟ್ಟಿ, ಪ್ರಬಂಧ, ಶಿಫಾರಸು ಪತ್ರ, ಸಂದರ್ಶನ ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ಆಯ್ಕೆ ಮಾಡುವ ಶಾಲೆಗಳನ್ನು ಮನಸ್ಸಿನಲ್ಲಿಟ್ಟು ಇಲ್ಲಿನ ಉತ್ತರಗಳನ್ನು ಬರೆದಿದ್ದೇನೆ. ಪ್ರವೇಶ ಪರೀಕ್ಷೆಯ ಅಂಕವೇ ಮುಖ್ಯವಾಗಿರುವ ಶಾಲೆಗಳ ಬಗ್ಗೆ ನಡುವೆ ಒಂದು ಪ್ರಶ್ನೆ ಇದೆ.

ನನ್ನ ಪ್ರೊಫೈಲ್ ನೋಡಿ ಎಷ್ಟು ಪರ್ಸೆಂಟ್ ಚಾನ್ಸ್ ಇದೆ ಎಂದು ಹೇಳಬಹುದೇ?

ಪರ್ಸೆಂಟ್ ಲೆಕ್ಕದಲ್ಲಿ ಯಾರೂ ಹೇಳಲಾರರು. ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ. ಸ್ಕೋರು, ಡಿಗ್ರಿ ಅಂಕ, ಎಷ್ಟು ವರ್ಷದ ಅನುಭವ, ಯಾವ ಕಂಪನಿ ಎಂಬ ನಾಲ್ಕು ವಿವರ ಕೊಟ್ಟು ಉತ್ತರ ಕೇಳುವವರೇ ಹೆಚ್ಚು. ಶಾಲೆಯವರ ಕೈಗೆ ಹೋಗುವುದು ಇದಕ್ಕಿಂತ ಎಷ್ಟೋ ದೊಡ್ಡ ಫೈಲು. ನಿಮ್ಮ ಪ್ರಬಂಧವನ್ನು ನೀವಿನ್ನೂ ಬರೆದೇ ಇಲ್ಲ. ನಿಮ್ಮ ಮ್ಯಾನೇಜರ್ ಏನು ಬರೆಯುತ್ತಾರೋ ಗೊತ್ತಿಲ್ಲ. ಆ ವರ್ಷ ನಿಮ್ಮ ಜೊತೆ ಅರ್ಜಿ ಹಾಕುವವರು ಎಂಥವರೋ ಅದೂ ಗೊತ್ತಿಲ್ಲ.

ಹಾಗಂತ ಅಂದಾಜು ಮಾಡಲು ಬರುವುದೇ ಇಲ್ಲ ಎಂದು ಕೈಚೆಲ್ಲಬೇಕಿಲ್ಲ. ಒಂದು ಶಾಲೆ ನಿಮಗೆ ದೂರದ ಮಾತೇ, ಸಮಬಲದ ಪೈಪೋಟಿಯೇ, ಬಹುಮಟ್ಟಿಗೆ ಸಿಗುವಂಥದ್ದೇ ಎಂದು ಮೂರು ಗುಂಪಾಗಿ ವಿಂಗಡಿಸಲು ಖಂಡಿತ ಆಗುತ್ತದೆ. ಅದಕ್ಕೆ ನಿಮ್ಮ ಫೈಲನ್ನು ನೀವೇ ಪರಕೀಯರಂತೆ ಓದಬೇಕು. ಅರ್ಜಿ ಓದುವವರ ತಲೆಯಲ್ಲಿ ಓಡುವುದು ಮುಖ್ಯವಾಗಿ ಮೂರು ಪ್ರಶ್ನೆ: ಇವರು ಇಲ್ಲಿನ ಓದನ್ನು ನಿಭಾಯಿಸುತ್ತಾರೆಯೇ? ಓದು ಮುಗಿದ ಮೇಲೆ ಇವರು ಬಯಸಿದ ಕೆಲಸ ಇವರಿಗೆ ಸಿಗುತ್ತದೆಯೇ? ಇವರು ತರಗತಿಯಲ್ಲಿದ್ದರೆ ಅಕ್ಕಪಕ್ಕದವರಿಗೆ ಕಲಿಯಲು ಏನಾದರೂ ಸಿಗುತ್ತದೆಯೇ? ಮೂರಕ್ಕೂ ಫೈಲಿನಲ್ಲಿ ಪುರಾವೆ ಇದ್ದರೆ ನೀವು ಪೈಪೋಟಿಯಲ್ಲಿದ್ದೀರಿ. ಯಾವುದಾದರೂ ಒಂದರ ಬಗ್ಗೆ ಅನುಮಾನ ಉಳಿದರೆ ನಿಮ್ಮ ನಿಜವಾದ ಸಾಧ್ಯತೆಯನ್ನು ತೀರ್ಮಾನಿಸುವುದು ಆ ಅನುಮಾನವೇ, ನಿಮ್ಮ ಅತ್ಯುತ್ತಮ ಅಂಕವಲ್ಲ. ಈ ಪುಟದಲ್ಲಿ ನಾನು ಹೇಳುವ ಬಹುಪಾಲು ಮಾತು ಇಲ್ಲಿಂದಲೇ ಹೊರಡುತ್ತದೆ.

ಶಾಲೆಯ ಆಯ್ಕೆ ಪ್ರಮಾಣ ಶೇ. 12 ಎಂದರೆ ನನ್ನ ಚಾನ್ಸೂ ಶೇ. 12 ಎಂದೇ ಅರ್ಥವೇ?

ಅಲ್ಲ. ಅದು ಇಡೀ ಗುಂಪಿನ ಸರಾಸರಿ. ಆ ಗುಂಪಿನಲ್ಲಿ ಗಡುವಿನ ಹಿಂದಿನ ರಾತ್ರಿ ಕೂತು ಅರ್ಜಿ ತುಂಬಿದವರಿದ್ದಾರೆ, ಎರಡು ವರ್ಷದಿಂದ ತಯಾರಿ ನಡೆಸಿದವರೂ ಇದ್ದಾರೆ. ಇಬ್ಬರ ಸಾಧ್ಯತೆಯೂ ಒಂದೇ ಆಗಿರಲು ಸಾಧ್ಯವಿಲ್ಲ.

ಇನ್ನೊಂದು ಎಡವಟ್ಟು ಇದೆ. ಎಷ್ಟೋ ಜನ ಸೀಟುಗಳ ಸಂಖ್ಯೆಯನ್ನು ಅರ್ಜಿಗಳ ಸಂಖ್ಯೆಯಿಂದ ಭಾಗಿಸಿ ಅದನ್ನೇ ಆಯ್ಕೆ ಪ್ರಮಾಣ ಎಂದುಕೊಳ್ಳುತ್ತಾರೆ. ಒಂದು ಶಾಲೆಯಲ್ಲಿ 100 ಸೀಟು, 1,000 ಅರ್ಜಿ ಎಂದುಕೊಳ್ಳಿ. ಪ್ರವೇಶ ಸಿಕ್ಕವರಲ್ಲಿ ಅರ್ಧ ಜನ ಬೇರೆ ಕಡೆ ಸೇರುತ್ತಾರೆ ಎಂದು ಶಾಲೆಗೆ ಅನುಭವದಿಂದ ಗೊತ್ತಿದ್ದರೆ 200 ಜನರಿಗೆ ಪ್ರವೇಶ ಕೊಡುತ್ತದೆ. ಅಲ್ಲಿಗೆ ಪ್ರಮಾಣ ಶೇ. 10ರಿಂದ ಶೇ. 20ಕ್ಕೆ ಏರಿತು. ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ಗಳಲ್ಲಿ ಪ್ರವೇಶ ಸಿಕ್ಕ ಬಹುತೇಕರು ಅಲ್ಲಿಗೇ ಸೇರುವುದರಿಂದ ಎರಡು ಅಂಕಿಗಳ ನಡುವೆ ಅಂತರ ಕಡಿಮೆ. ಇತರ ಕಡೆ ಅಂತರ ದೊಡ್ಡದೇ ಇರುತ್ತದೆ.

ಬ್ಯಾಚಿನ ಗಾತ್ರವನ್ನೂ ನೋಡಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಒಂದು ಬ್ಯಾಚಿಗೆ 900ಕ್ಕೂ ಹೆಚ್ಚು ಜನರನ್ನು ತೆಗೆದುಕೊಳ್ಳುತ್ತದೆ, ಸ್ಟ್ಯಾನ್‌ಫರ್ಡ್ ಅದರ ಅರ್ಧದಷ್ಟನ್ನೂ ತೆಗೆದುಕೊಳ್ಳುವುದಿಲ್ಲ. ಎರಡೂ ಒಂದೇ ದರ್ಜೆಯ ಶಾಲೆ ಎಂದು ಹೆಸರಾದರೂ ಸ್ಟ್ಯಾನ್‌ಫರ್ಡ್ ಒಳಗೆ ಹೋಗುವುದು ಇನ್ನಷ್ಟು ಕಷ್ಟವಾಗಲು ಇದೂ ಒಂದು ಕಾರಣ.

ಜಿಮ್ಯಾಟ್‌ನಲ್ಲಿ ಎಷ್ಟು ಬಂದರೆ ಸಾಕು?

ಜಿಮ್ಯಾಟ್ ಎಂದರೆ ಎಂಬಿಎ ಸೇರಲು ಬರೆಯುವ ಪ್ರವೇಶ ಪರೀಕ್ಷೆ. ಮೊದಲು ಯಾವ ಜಿಮ್ಯಾಟ್ ಎಂದು ನೋಡಿಕೊಳ್ಳಿ. 2023ರ ನವೆಂಬರ್‌ನಲ್ಲಿ ಹೊಸ ಮಾದರಿಯ ಪರೀಕ್ಷೆ ಬಂತು, 2024ರ ಆರಂಭದಲ್ಲಿ ಹಳೆಯದು ನಿಂತಿತು. ಹೊಸದರಲ್ಲಿ ಗಣಿತ, ಭಾಷೆ, ದತ್ತಾಂಶ ವಿಶ್ಲೇಷಣೆ ಎಂಬ ಮೂರು ಭಾಗ, ಒಂದೊಂದಕ್ಕೂ 45 ನಿಮಿಷ. ಪ್ರಬಂಧ ಬರೆಯುವ ಭಾಗ ಈಗಿಲ್ಲ. ಹಳೆಯ ಅಳತೆ 200ರಿಂದ 800, ಹೊಸದು 205ರಿಂದ 805. ಹೊಸ ಸ್ಕೋರುಗಳೆಲ್ಲ 5ರಲ್ಲಿ ಕೊನೆಯಾಗುತ್ತವೆ, ಹಳೆಯವು ಸೊನ್ನೆಯಲ್ಲಿ. ಯಾರಾದರೂ ತಮ್ಮ ಸ್ಕೋರು ಹೇಳಿದಾಗ ಕೊನೆಯ ಅಂಕಿ ನೋಡಿದರೆ ಯಾವ ಪರೀಕ್ಷೆಯದು ಎಂದು ತಿಳಿಯುತ್ತದೆ.

ಇದು ಯಾಕೆ ಮುಖ್ಯ ಎಂದರೆ, ಹಳೆಯ 700 ಮತ್ತು ಹೊಸ 645 ಹೆಚ್ಚುಕಡಿಮೆ ಒಂದೇ ಮಟ್ಟ. ಹೊಸ ಪರೀಕ್ಷೆಯಲ್ಲಿ 655 ಬಂತು ಎಂದು ಪೆಚ್ಚುಮೋರೆ ಹಾಕಿಕೊಂಡು ಕೂತವರನ್ನು ನೋಡಿದ್ದೇನೆ. ಅಣ್ಣನದೋ ಸೀನಿಯರ್‌ದೋ ಹಳೆಯ 700 ಅವರ ತಲೆಯಲ್ಲಿ ಕೂತಿರುತ್ತದೆ. ಅಸಲಿಗೆ ಅವರು ಆ 700ಕ್ಕಿಂತ ಮುಂದಿದ್ದಾರೆ.

ಇನ್ನು ಎಷ್ಟು ಸಾಕು ಎಂಬ ಮಾತು. ಶಾಲೆಗಳು ತಮ್ಮ ಬ್ಯಾಚಿನ ಸರಾಸರಿಯನ್ನೋ ಮಧ್ಯಾಂಕವನ್ನೋ ಪ್ರಕಟಿಸುತ್ತವೆ. ಮಧ್ಯಾಂಕ ಎಂದರೇನೇ ಅದಕ್ಕಿಂತ ಕಡಿಮೆ ಸ್ಕೋರಿನವರು ತರಗತಿಯಲ್ಲಿ ಅರ್ಧ ಜನ ಕೂತಿದ್ದಾರೆ ಎಂದು. ಅದನ್ನು ಕನಿಷ್ಠ ಅಂಕ ಎಂದು ಓದಿಕೊಂಡು ಹಿಂದೆ ಸರಿಯುವವರ ಬಗ್ಗೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಕೆಲವು ಶಾಲೆಗಳು ಮಧ್ಯದ ಶೇ. 80 ಜನರ ಸ್ಕೋರು ಎಲ್ಲಿಂದ ಎಲ್ಲಿಯವರೆಗೆ ಹರಡಿದೆ ಎಂದೂ ಕೊಡುತ್ತವೆ. ಅಂದಾಜಿಗೆ ಎಲ್ಲಕ್ಕಿಂತ ಉಪಯುಕ್ತ ಅಂಕಿ ಅದೇ. ಆ ವ್ಯಾಪ್ತಿಯ ಒಳಗಿದ್ದರೆ ಸ್ಕೋರು ನಿಮ್ಮನ್ನು ಹೊರಗೆ ಹಾಕುವುದಿಲ್ಲ. ಅದರ ಕೆಳಗಿದ್ದರೆ ಅಲ್ಲಿ ಹತ್ತರಲ್ಲಿ ಒಬ್ಬರಿಗೆ ಮಾತ್ರ ಜಾಗ, ಆ ಒಬ್ಬರಾಗಲು ಬೇರೆ ಯಾವುದೋ ವಿಷಯದಲ್ಲಿ ಅಸಾಮಾನ್ಯ ಬಲ ಬೇಕು.

ಮೇಲಿನ ತುದಿಯಲ್ಲಿ ಇನ್ನೊಂದು ಭ್ರಮೆ ಇರುತ್ತದೆ. ತುಂಬ ಎತ್ತರದ ಸ್ಕೋರು ಮೊದಲ ಪ್ರಶ್ನೆಗೆ, ಅಂದರೆ ಓದು ನಿಭಾಯಿಸುತ್ತಾರೆಯೇ ಎಂಬುದಕ್ಕೆ, ಗಟ್ಟಿ ಉತ್ತರ ಕೊಡುತ್ತದೆ. ಉಳಿದ ಎರಡು ಪ್ರಶ್ನೆಗೆ ಅದರಿಂದ ಏನೂ ಸಿಗುವುದಿಲ್ಲ. ಶಾಲೆಯ ಮಧ್ಯಾಂಕ ದಾಟಿದ ಮೇಲೂ ಹತ್ತು ಅಂಕಕ್ಕಾಗಿ ಮತ್ತೆ ಮೂರು ತಿಂಗಳು ಕೂರುವ ಬದಲು ಆ ಸಮಯವನ್ನು ಪ್ರಬಂಧಕ್ಕೆ ಕೊಡಿ.

ಜಿಆರ್‌ಇ ಬರೆದರೆ ನಡೆಯುತ್ತದೆಯೇ?

ಜಿಆರ್‌ಇ ಎಂದರೆ ಹಲವು ಬಗೆಯ ಸ್ನಾತಕೋತ್ತರ ಓದಿಗೆ ಬರೆಯುವ ಪ್ರವೇಶ ಪರೀಕ್ಷೆ. ಹೆಸರಾದ ಬಹುತೇಕ ಎಲ್ಲ ಶಾಲೆಗಳೂ ಜಿಮ್ಯಾಟ್, ಜಿಆರ್‌ಇ ಎರಡನ್ನೂ ಒಪ್ಪುತ್ತವೆ. ಎರಡರ ಅಭ್ಯಾಸ ಪರೀಕ್ಷೆಯನ್ನೂ ಒಮ್ಮೆ ಬರೆದು ನೋಡಿ, ಯಾವುದು ಕೈಹಿಡಿಯುತ್ತದೋ ಅದನ್ನು ಆರಿಸಿಕೊಳ್ಳಿ. ಎರಡೂ ಸ್ಕೋರುಗಳಿಗೆ ಐದು ವರ್ಷ ಆಯಸ್ಸು. ಯಾವ ಸ್ಕೋರನ್ನು ಕಳಿಸಬೇಕು ಎಂಬುದನ್ನು ಫಲಿತಾಂಶ ನೋಡಿದ ಮೇಲೆ ನೀವೇ ನಿರ್ಧರಿಸಬಹುದು, ಹಾಗಾಗಿ ಒಮ್ಮೆ ಕೆಟ್ಟರೆ ಗತಿಯೇನು ಎಂಬ ಭಯ ಬೇಡ.

ಪ್ರವೇಶ ಪರೀಕ್ಷೆಯ ಪರ್ಸೆಂಟೈಲ್ ಮೇಲೆ ಕರೆ ಕೊಡುವ ಶಾಲೆಗಳಿಗೂ ಇದೇ ಲೆಕ್ಕವೇ?

ಅಲ್ಲಿನ ಲೆಕ್ಕ ಬೇರೆ, ಒಂದು ರೀತಿಯಲ್ಲಿ ಸರಳ. ಉದಾಹರಣೆಗೆ ಭಾರತದ ಐಐಎಂಗಳು ಕ್ಯಾಟ್ ಎಂಬ ಪ್ರವೇಶ ಪರೀಕ್ಷೆಯ ಸ್ಕೋರು, 10 ಮತ್ತು 12ನೇ ತರಗತಿಯ ಅಂಕ, ಡಿಗ್ರಿ, ಅನುಭವ ಇತ್ಯಾದಿಗೆ ಎಷ್ಟೆಷ್ಟು ತೂಕ ಎಂಬುದನ್ನು ತಮ್ಮ ಪ್ರವೇಶ ನೀತಿಯಲ್ಲಿ ಪ್ರಕಟಿಸುತ್ತವೆ. ಆ ಸೂತ್ರಕ್ಕೆ ನಿಮ್ಮ ಅಂಕ ಹಾಕಿ ನೋಡಿದರೆ ಸಂದರ್ಶನದ ಕರೆಯವರೆಗಿನ ಅಂದಾಜು ಸಾಕಷ್ಟು ನಿಖರವಾಗಿ ಸಿಗುತ್ತದೆ. ಸೂತ್ರ ಸಂಸ್ಥೆಯಿಂದ ಸಂಸ್ಥೆಗೆ ಬೇರೆ ಇರುತ್ತದೆ, ವರ್ಷದಿಂದ ವರ್ಷಕ್ಕೆ ಬದಲಾಗುವುದೂ ಉಂಟು. ಆಯಾ ವರ್ಷದ ನೀತಿಯನ್ನೇ ತೆರೆದು ಓದಿ.

ಡಿಗ್ರಿಯಲ್ಲಿ ಅಂಕ ಕಡಿಮೆ. ಬಾಗಿಲು ಮುಚ್ಚಿದ ಹಾಗೆಯೇ?

ಮುಚ್ಚಿಲ್ಲ. ಆದರೆ ಅನುಮಾನ ಹುಟ್ಟಿದೆ, ಅದನ್ನು ನೀವೇ ತೀರಿಸಬೇಕು.

ಅಂಕಪಟ್ಟಿ ಓದುವವರು ಒಟ್ಟು ಅಂಕವನ್ನಷ್ಟೇ ನೋಡುವುದಿಲ್ಲ. ಮೊದಲ ವರ್ಷ ಮುಗ್ಗರಿಸಿ ಕೊನೆಯ ವರ್ಷ ಮೇಲೆದ್ದವರ ಪಟ್ಟಿಯೂ, ಚೆನ್ನಾಗಿ ಶುರುಮಾಡಿ ಕೊನೆಗೆ ಕೈಬಿಟ್ಟವರ ಪಟ್ಟಿಯೂ ಒಟ್ಟು ಲೆಕ್ಕದಲ್ಲಿ ಒಂದೇ ಆಗಿರಬಹುದು. ಓದುವವರಿಗೆ ಅವೆರಡೂ ಬೇರೆ ಬೇರೆ ಕಥೆ. ಗಣಿತ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರದಂಥ ವಿಷಯಗಳ ಅಂಕವನ್ನು ಬೆರಳಿಟ್ಟು ಹುಡುಕುತ್ತಾರೆ, ಯಾಕೆಂದರೆ ಎಂಬಿಎ ಮೊದಲ ಸೆಮಿಸ್ಟರಿನಲ್ಲಿ ಫೈನಾನ್ಸ್, ಅಕೌಂಟಿಂಗ್, ಸಂಖ್ಯಾಶಾಸ್ತ್ರ ಒಟ್ಟಿಗೆ ಮೈಮೇಲೆ ಬೀಳುತ್ತವೆ. ನಿಮ್ಮ ಕಾಲೇಜು ಎಷ್ಟು ಬಿಗಿಯಾಗಿ ಅಂಕ ಕೊಡುತ್ತದೆ ಎಂಬ ಅಂದಾಜೂ ಅವರಿಗಿರುತ್ತದೆ. ಅದಕ್ಕೇ ಹಲವು ಶಾಲೆಗಳು ಅಂಕವನ್ನು ಬೇರೆ ಅಳತೆಗೆ ಪರಿವರ್ತಿಸಬೇಡಿ, ನಿಮ್ಮ ಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಬರೆಯಿರಿ ಎನ್ನುತ್ತವೆ. ಶೇಕಡಾವಾರನ್ನು ತಮಗೆ ತೋಚಿದಂತೆ ಅಮೆರಿಕದ ನಾಲ್ಕು ಅಂಕದ ಅಳತೆಗೆ ಇಳಿಸಿ ಕಂಗಾಲಾಗುವವರು ಈ ಮಾತನ್ನು ಗಮನಿಸಬೇಕು.

ಹಳೆಯ ಅಂಕ ಬದಲಾಯಿಸಲು ಆಗದು, ಹೊಸ ಪುರಾವೆ ಸೇರಿಸಲು ಆಗುತ್ತದೆ. ಗಣಿತ ಭಾಗದಲ್ಲಿ ಗಟ್ಟಿ ಸ್ಕೋರು ಒಂದು ದಾರಿ. ಪರೀಕ್ಷೆ, ಅಂಕ ಎರಡೂ ಇರುವ ಕೋರ್ಸ್ ಮುಗಿಸುವುದು ಇನ್ನೊಂದು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಆನ್‌ಲೈನ್‌ನ ‘ಕೋರ್’ ಕಾರ್ಯಕ್ರಮದಲ್ಲಿ ಬಿಸಿನೆಸ್ ಅನಲಿಟಿಕ್ಸ್, ಅರ್ಥಶಾಸ್ತ್ರ, ಫೈನಾನ್ಶಿಯಲ್ ಅಕೌಂಟಿಂಗ್ ಮೂರೂ ಇವೆ. ಅಂಥದ್ದೊಂದನ್ನು ಒಳ್ಳೆಯ ಅಂಕದೊಂದಿಗೆ ಮುಗಿಸಿದರೆ ಈಗಿನ ನಿಮ್ಮ ಸಾಮರ್ಥ್ಯಕ್ಕೆ ಸಾಕ್ಷಿ ಸಿಕ್ಕಿತು. ಕಾಲೇಜಿನ ದಿನಗಳಲ್ಲಿ ಕಾಯಿಲೆಯೋ ಮನೆಯ ಸಂಕಷ್ಟವೋ ಇದ್ದರೆ ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ಮೂರು ನಾಲ್ಕು ಸಾಲಿನಲ್ಲಿ ಇದ್ದುದನ್ನು ಇದ್ದ ಹಾಗೆ ಬರೆಯಿರಿ. ಅಲ್ಲಿ ಒಂದು ಪುಟ ಗೋಳು ತೋಡಿಕೊಂಡರೆ ಅನುಮಾನ ಕಡಿಮೆಯಾಗುವ ಬದಲು ಹೆಚ್ಚುತ್ತದೆ.

ಎಷ್ಟು ವರ್ಷದ ಕೆಲಸದ ಅನುಭವ ಇರಬೇಕು?

ಎರಡು ವರ್ಷದ ಎಂಬಿಎ ತರಗತಿಗಳಲ್ಲಿ ಸರಾಸರಿ ಐದು ವರ್ಷದ ಆಸುಪಾಸು. ಮೂರರಿಂದ ಏಳು ವರ್ಷದವರು ಎಲ್ಲ ಕಡೆ ಕಾಣಸಿಗುತ್ತಾರೆ. ವರ್ಷದ ಎಣಿಕೆಗಿಂತ ಆ ವರ್ಷಗಳಲ್ಲಿ ಜವಾಬ್ದಾರಿ ಬೆಳೆದಿದೆಯೇ ಎಂಬುದು ಮುಖ್ಯ. ಆರು ವರ್ಷ ಒಂದೇ ಕೆಲಸವನ್ನು ಅದೇ ಮಟ್ಟದಲ್ಲಿ ಮಾಡಿದವರಿಗಿಂತ ಮೂರು ವರ್ಷದಲ್ಲಿ ಎರಡು ಮೆಟ್ಟಿಲು ಹತ್ತಿದವರ ಫೈಲು ಬಲವಾಗಿರುತ್ತದೆ.

ಕಾಲೇಜಿನ ಕೊನೆಯ ವರ್ಷದಲ್ಲಿರುವವರಿಗೆ ಬೇರೆ ಬಾಗಿಲಿದೆ. ಹಾರ್ವರ್ಡ್‌ನ ‘2+2’ ರೀತಿಯ ಕಾರ್ಯಕ್ರಮಗಳಲ್ಲಿ ಈಗಲೇ ಅರ್ಜಿ ಹಾಕಿ, ಸೀಟು ಸಿಕ್ಕರೆ ಕೆಲವು ವರ್ಷ ಕೆಲಸ ಮಾಡಿ ಆಮೇಲೆ ಸೇರಬಹುದು. ಸ್ಟ್ಯಾನ್‌ಫರ್ಡ್, ವಾರ್ಟನ್, ಕೊಲಂಬಿಯಾ, ಶಿಕಾಗೊ ಬೂತ್‌ಗಳಲ್ಲೂ ಈ ವ್ಯವಸ್ಥೆ ಇದೆ. ಅಲ್ಲಿ ಕೆಲಸದ ಅನುಭವ ಅಳೆಯಲು ಇಲ್ಲದ ಕಾರಣ ಅಂಕ ಮತ್ತು ಕಾಲೇಜಿನ ಚಟುವಟಿಕೆಯ ಮೇಲೆ ಭಾರ ಹೆಚ್ಚು. ಹತ್ತು ವರ್ಷ ದಾಟಿದವರು, ಅನುಭವಿ ನೌಕರರಿಗೆಂದೇ ಇರುವ ಎಕ್ಸಿಕ್ಯೂಟಿವ್ ಎಂಬಿಎ ಕಡೆಗೆ ನೋಡುವುದು ಒಳ್ಳೆಯದು. ಮಾಮೂಲಿ ಎಂಬಿಎಗೇ ಹೋಗಬೇಕೆಂದಿದ್ದರೆ ಇಷ್ಟು ತಡವಾಗಿ ಯಾಕೆ ಎಂಬ ಪ್ರಶ್ನೆಗೆ ಪ್ರಬಂಧದಲ್ಲೇ ಉತ್ತರ ಇರಲಿ.

ನಾನು ಕೆಲಸ ಮಾಡುವ ಕಂಪನಿಯ ಹೆಸರು ಯಾರಿಗೂ ಗೊತ್ತಿಲ್ಲ. ಅದು ದೊಡ್ಡ ಕೊರತೆಯೇ?

ಹೆಸರಾದ ಕಂಪನಿ ಒಂದು ಅನುಕೂಲ ಮಾಡಿಕೊಡುತ್ತದೆ: ಅಲ್ಲಿ ಕೆಲಸ ಸಿಗುವುದೇ ಕಷ್ಟ ಎಂದು ಓದುವವರಿಗೆ ಗೊತ್ತಿರುತ್ತದೆ, ಅರ್ಧ ಪರಿಶೀಲನೆ ಆಗಲೇ ಮುಗಿದಂತೆ. ಚಿಕ್ಕ ಕಂಪನಿಯವರು ಆ ಪರಿಶೀಲನೆಗೆ ಬೇಕಾದ ವಿವರವನ್ನು ತಾವೇ ಕೊಡಬೇಕು. ಇಲ್ಲಿ ಬಹಳ ಜನ ಕೈಯಲ್ಲಿದ್ದುದನ್ನು ಬಿಟ್ಟುಬಿಡುತ್ತಾರೆ.

ಒಂದು ರೆಸ್ಯೂಮೆಯ ಸಾಲನ್ನೇ ನೋಡೋಣ. ‘ಸರಬರಾಜು ವಿಭಾಗದ ದೈನಂದಿನ ಕಾರ್ಯನಿರ್ವಹಣೆಯ ಜವಾಬ್ದಾರಿ ಹೊತ್ತು, ವಿವಿಧ ತಂಡಗಳೊಂದಿಗೆ ಸಮನ್ವಯ ಸಾಧಿಸಿದೆ.’ ಇದನ್ನು ಓದಿದವರಿಗೆ ಏನೂ ತಿಳಿಯಲಿಲ್ಲ. ಆ ವಿಭಾಗದಲ್ಲಿ ಇದ್ದವರು ಇಬ್ಬರೋ ಇನ್ನೂರೋ? ನೀವಿಲ್ಲದಿದ್ದರೆ ಏನು ಆಗುತ್ತಿರಲಿಲ್ಲ? ಅದೇ ವ್ಯಕ್ತಿಯನ್ನು ಕೂರಿಸಿಕೊಂಡು ಕೇಳುತ್ತಾ ಹೋದರೆ ಸಂಗತಿ ಹೊರಬರುತ್ತದೆ: ‘40 ಜನರ ಕಂಪನಿಯಲ್ಲಿ ಸರಬರಾಜು ವಿಭಾಗಕ್ಕೆ ಸೇರಿದ ಮೊದಲ ನೌಕರ. ತಡವಾಗಿ ತಲುಪುತ್ತಿದ್ದ ಆರ್ಡರುಗಳ ಕಾರಣ ಪತ್ತೆಹಚ್ಚಿ, ಮೂವರು ಸರಬರಾಜುದಾರರನ್ನು ಬದಲಾಯಿಸಲು ಮಾಲೀಕರನ್ನು ಒಪ್ಪಿಸಿದೆ. ವಿಳಂಬ ಅರ್ಧಕ್ಕೆ ಇಳಿಯಿತು.’ ಕೆಲಸ ಅದೇ, ಮನುಷ್ಯ ಅವರೇ. ಎರಡನೆಯ ಸಾಲಿನಲ್ಲಿ ಹಿರಿಯರನ್ನು ಒಪ್ಪಿಸಬಲ್ಲ ಒಬ್ಬ ವ್ಯಕ್ತಿ ಕಣ್ಣಿಗೆ ಕಾಣುತ್ತಾರೆ. ದೊಡ್ಡ ಕಂಪನಿಯಲ್ಲಿ ಅದೇ ವಯಸ್ಸಿನವರಿಗೆ ಇಂಥ ತೀರ್ಮಾನದ ಹತ್ತಿರ ಸುಳಿಯಲೂ ಅವಕಾಶ ಇರುವುದಿಲ್ಲ.

ಎಂಐಟಿ ಸ್ಲೋನ್ ಶಾಲೆ ಅರ್ಜಿಯ ಜೊತೆಗೆ ನಿಮ್ಮ ಸಂಸ್ಥೆಯ ಶ್ರೇಣಿ ನಕ್ಷೆಯನ್ನೂ ಕೇಳುತ್ತದೆ. ನೀವು ಎಲ್ಲಿ ಕೂತಿದ್ದೀರಿ, ನಿಮ್ಮ ಮೇಲೆ ಯಾರು, ಕೆಳಗೆ ಯಾರು ಎಂದು ಗುರುತು ಹಾಕಿ ಕೊಡಬೇಕು. ಬೇರೆ ಶಾಲೆಗಳು ಕೇಳದಿದ್ದರೂ ನಿಮಗಾಗಿ ಅಂಥದ್ದೊಂದು ನಕ್ಷೆ ಬರೆದುಕೊಳ್ಳಿ. ನಿಮ್ಮ ಕೆಲಸದ ತೂಕ ಎಷ್ಟು ಎಂಬುದು ಬಿರುದುಗಳಿಗಿಂತ ಚೆನ್ನಾಗಿ ಅದರಲ್ಲಿ ಗೋಚರಿಸುತ್ತದೆ.

ನನ್ನಂಥವರೇ ಸಾವಿರಾರು ಜನ ಅರ್ಜಿ ಹಾಕುತ್ತಾರೆ. ಏನು ಮಾಡಲಿ?

ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಕೆಲಸ, ಕನ್ಸಲ್ಟಿಂಗ್, ಬ್ಯಾಂಕಿಂಗ್, ಈ ಮೂರು ಕಡೆಯಿಂದ ಬರುವ ಅರ್ಜಿಗಳು ಬಹಳ. ಶಾಲೆ ಇಡೀ ತರಗತಿಯನ್ನು ಒಂದೇ ಬಗೆಯವರಿಂದ ತುಂಬುವುದಿಲ್ಲ, ಹಾಗಾಗಿ ನಿಮ್ಮ ಹೋಲಿಕೆ ನಡೆಯುವುದು ಬಹುಮಟ್ಟಿಗೆ ನಿಮ್ಮಂಥವರ ಜೊತೆಗೇ. ಆ ಗುಂಪಿನ ಸ್ಕೋರು ಶಾಲೆಯ ಒಟ್ಟು ಸರಾಸರಿಗಿಂತ ಮೇಲಿರುವ ಸಂಭವ ಹೆಚ್ಚು. ಸರಾಸರಿ ಮುಟ್ಟಿದ್ದೇನಲ್ಲ ಎಂಬ ಸಮಾಧಾನ ಇಂಥವರಿಗೆ ಪೂರ್ತಿ ಸಲ್ಲದು.

ಇದನ್ನು ಕೇಳಿದ ಕೂಡಲೇ ಕೆಲವರು ವಿಶೇಷವಾಗಿ ಕಾಣಿಸಿಕೊಳ್ಳಲು ಹೊರಡುತ್ತಾರೆ. ಅರ್ಜಿಗೆ ಮೂರು ತಿಂಗಳು ಮುಂಚೆ ಸೇವಾ ಸಂಸ್ಥೆಯೊಂದನ್ನು ಸೇರುತ್ತಾರೆ, ಪ್ರಬಂಧದಲ್ಲಿ ಪರ್ವತಾರೋಹಣದ ಕಥೆ ಹೇಳುತ್ತಾರೆ. ದಯವಿಟ್ಟು ಬೇಡ. ಇಂಥ ತುರ್ತು ಅಲಂಕಾರವನ್ನು ದಿನವಿಡೀ ಫೈಲು ಓದುವವರು ಕ್ಷಣದಲ್ಲಿ ಹಿಡಿಯುತ್ತಾರೆ. ವ್ಯತ್ಯಾಸ ಇರುವುದು ನಿಮ್ಮ ತೀರ್ಮಾನಗಳಲ್ಲಿ. ಒಂದೇ ತಂಡದ ಇಬ್ಬರು ಪ್ರೋಗ್ರಾಮರ್‌ಗಳಲ್ಲಿ ಒಬ್ಬರು ಗ್ರಾಹಕರ ದೂರುಗಳನ್ನು ತಾವಾಗಿಯೇ ಓದುತ್ತಾ ಕೂತು, ಯಾರೂ ಕೇಳದ ಒಂದು ಬದಲಾವಣೆಗೆ ಪಟ್ಟುಹಿಡಿದಿರುತ್ತಾರೆ. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದರೆ ಬರುವ ಉತ್ತರ ಇನ್ನೊಬ್ಬರ ಬಾಯಲ್ಲಿ ಬರಲು ಸಾಧ್ಯವೇ ಇಲ್ಲ. ಸ್ಟ್ಯಾನ್‌ಫರ್ಡ್ ವರ್ಷಗಳಿಂದ ಕೇಳುತ್ತಿರುವ ಪ್ರಬಂಧದ ಪ್ರಶ್ನೆಯೂ ಇದನ್ನೇ ಕೆದಕುತ್ತದೆ: ನಿಮಗೆ ಎಲ್ಲಕ್ಕಿಂತ ಮುಖ್ಯವಾದುದು ಏನು, ಯಾಕೆ?

ಮುಂದಿನ ಗುರಿ ಅಷ್ಟೊಂದು ಸ್ಪಷ್ಟವಾಗಿರಬೇಕೇ?

ಇರಬೇಕು. ಎರಡನೆಯ ಪ್ರಶ್ನೆ, ಕೆಲಸ ಸಿಗುತ್ತದೆಯೇ ಎಂಬುದು, ಇಲ್ಲೇ ತೀರ್ಮಾನವಾಗುತ್ತದೆ. ಪದವೀಧರರಲ್ಲಿ ಎಷ್ಟು ಜನರಿಗೆ ಮೂರು ತಿಂಗಳಲ್ಲಿ ಕೆಲಸ ಸಿಕ್ಕಿತು ಎಂಬ ವರದಿಯನ್ನು ಶಾಲೆಗಳು ಪ್ರಕಟಿಸುತ್ತವೆ, ರ್‍ಯಾಂಕಿಂಗ್‌ಗೂ ಅದನ್ನು ನೋಡುತ್ತಾರೆ. ಆ ವರದಿಯನ್ನು ನೀವೂ ತೆರೆದು ಓದಿ. ನೀವು ಬಯಸಿದ ಕ್ಷೇತ್ರಕ್ಕೆ ಆ ಶಾಲೆಯಿಂದ ಕೈಬೆರಳೆಣಿಕೆಯಷ್ಟು ಜನ ಮಾತ್ರ ಹೋಗುತ್ತಿದ್ದರೆ ನಿಮ್ಮ ಅರ್ಜಿಯೂ ಅಲ್ಲಿ ಕೊಂಚ ಅಪರಿಚಿತವಾಗಿಯೇ ಕಾಣುತ್ತದೆ.

ಅವಧಿಯನ್ನೂ ಗುರಿಯ ಜೊತೆ ಹೊಂದಿಸಿ ನೋಡಿ. ಇನ್ಸಿಯಾಡ್ ಶಾಲೆಯ ಎಂಬಿಎ 10 ತಿಂಗಳದ್ದು. ಜನವರಿಯಲ್ಲಿ ಸೇರುವವರಿಗೆ ನಡುವೆ ಇಂಟರ್ನ್‌ಶಿಪ್‌ಗೆ ಬಿಡುವು ಸಿಗುತ್ತದೆ, ಆಗಸ್ಟ್‌ನಲ್ಲಿ ಸೇರುವವರಿಗೆ ಸಿಗುವುದಿಲ್ಲ. ಇಂಟರ್ನ್‌ಶಿಪ್ ಮೂಲಕವೇ ಜನರನ್ನು ತೆಗೆದುಕೊಳ್ಳುವ ಕ್ಷೇತ್ರಕ್ಕೆ ಹೋಗುತ್ತೇನೆ ಎಂದು ಬರೆದು ಆಗಸ್ಟ್ ಬ್ಯಾಚಿಗೆ ಅರ್ಜಿ ಹಾಕಿದರೆ, ಇವರು ಯೋಚಿಸಿ ಬಂದಿಲ್ಲ ಎಂಬ ಅನುಮಾನಕ್ಕೆ ನೀವೇ ಎಡೆಮಾಡಿಕೊಟ್ಟಂತೆ.

ಶಿಫಾರಸು ಪತ್ರ ಯಾರಿಂದ ಬರೆಸಲಿ? ದೊಡ್ಡ ಹುದ್ದೆಯವರೇ ಆಗಬೇಕೇ?

ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡಿದವರು ಬೇಕು, ಸಾಮಾನ್ಯವಾಗಿ ನೇರ ಮ್ಯಾನೇಜರ್. ಹಲವು ಶಾಲೆಗಳು ಬಳಸುವ ಸಾಮಾನ್ಯ ಶಿಫಾರಸು ನಮೂನೆಯಲ್ಲಿ ಎರಡು ಪ್ರಶ್ನೆ ಇವೆ: ಇಂಥದೇ ಹುದ್ದೆಯ ಇತರ ಸಮರ್ಥರಿಗೆ ಹೋಲಿಸಿದರೆ ಇವರು ಹೇಗೆ, ಮತ್ತು ನೀವು ಇವರಿಗೆ ಹೇಳಿದ ಮುಖ್ಯ ತಿದ್ದುಪಡಿ ಯಾವುದು, ಇವರು ಅದನ್ನು ಹೇಗೆ ತೆಗೆದುಕೊಂಡರು. ವರ್ಷಕ್ಕೊಮ್ಮೆ ಕೈಕುಲುಕುವ ನಿರ್ದೇಶಕರು ಇದಕ್ಕೆ ಏನು ಬರೆದಾರು? ‘ಶ್ರಮಜೀವಿ, ಪ್ರಾಮಾಣಿಕ’ ಎಂದು ಬರೆದು ಸಹಿ ಹಾಕುತ್ತಾರೆ, ಅಷ್ಟೆ. ಕೆಲಸ ಬಿಡುವ ಸುದ್ದಿ ಮ್ಯಾನೇಜರ್‌ಗೆ ತಿಳಿಯಬಾರದು ಎಂಬ ತೊಡಕಿದ್ದರೆ ಹಿಂದಿನ ಮ್ಯಾನೇಜರ್ ಅಥವಾ ನಿಮ್ಮ ಕೆಲಸ ಬಲ್ಲ ಗ್ರಾಹಕರು ಆಗಬಹುದು. ಕಾರಣವನ್ನು ಅರ್ಜಿಯಲ್ಲಿ ಒಂದು ಸಾಲು ತಿಳಿಸಿ. ಪತ್ರವನ್ನು ನೀವೇ ಬರೆದು ಅವರ ಸಹಿ ಹಾಕಿಸುವುದಂತೂ ಬೇಡವೇ ಬೇಡ. ಪ್ರಬಂಧದ ಭಾಷೆ ಮತ್ತು ಪತ್ರದ ಭಾಷೆ ಒಂದೇ ಎಂದು ಅನ್ನಿಸಿದ ಕ್ಷಣ ಇಡೀ ಫೈಲಿನ ಮೇಲಿನ ನಂಬಿಕೆ ಹೋಗುತ್ತದೆ.

ಎಷ್ಟು ಶಾಲೆಗಳಿಗೆ ಅರ್ಜಿ ಹಾಕಿದರೆ ಒಂದಾದರೂ ಸಿಗುತ್ತದೆ?

ಬಾಯಿಲೆಕ್ಕ ಹೀಗೆ ಹೇಳುತ್ತದೆ: ಒಂದೊಂದು ಶಾಲೆಯಲ್ಲೂ ಶೇ. 20 ಸಾಧ್ಯತೆ ಇದ್ದರೆ ಐದು ಶಾಲೆಗಳಲ್ಲಿ ಕನಿಷ್ಠ ಒಂದಾದರೂ ಸಿಗುವ ಸಾಧ್ಯತೆ ಶೇ. 67. ಕೇಳಲು ಹಿತವಾಗಿದೆ. ಆದರೆ ಈ ಲೆಕ್ಕ ನಿಲ್ಲಬೇಕಾದರೆ ಐದು ತೀರ್ಮಾನಗಳೂ ಒಂದಕ್ಕೊಂದು ಸಂಬಂಧವಿಲ್ಲದವಾಗಿರಬೇಕು. ವಾಸ್ತವದಲ್ಲಿ ಐದೂ ಕಡೆ ಹೋಗುವುದು ಅದೇ ಅಂಕಪಟ್ಟಿ, ಅದೇ ರೆಸ್ಯೂಮೆ, ಅದೇ ಮ್ಯಾನೇಜರ್ ಬರೆದ ಪತ್ರ. ಒಂದು ಕಡೆ ಹುಟ್ಟಿದ ಅನುಮಾನ ಐದೂ ಕಡೆ ಹುಟ್ಟುತ್ತದೆ. ಒಂದೇ ಎತ್ತರದ ಐದು ಶಾಲೆಗಳಿಗೆ ಹಾಕಿ ಐದರಲ್ಲೂ ನಿರಾಶರಾಗುವವರು ಇಷ್ಟೊಂದು ಇರುವುದು ಅದಕ್ಕೇ. ಅದನ್ನು ದುರದೃಷ್ಟ ಎಂದು ಅವರು ಭಾವಿಸುವುದು ನೋಡಿದರೆ ಸಂಕಟವಾಗುತ್ತದೆ.

ಹಾಗಾಗಿ ಸಂಖ್ಯೆ ಹೆಚ್ಚಿಸುವುದಕ್ಕಿಂತ ಎತ್ತರ ಬದಲಾಯಿಸಿ. ದೂರದ ಮಾತು ಎನಿಸುವ ಒಂದೆರಡು, ಸಮಬಲದ ಎರಡು ಮೂರು, ಬಹುಮಟ್ಟಿಗೆ ಸಿಗುವಂಥ ಒಂದು. ಕೊನೆಯದರ ಬಗ್ಗೆ ಒಂದು ಷರತ್ತು: ಅಲ್ಲಿ ಮಾತ್ರ ಸಿಕ್ಕರೆ ಮನಸ್ಸಿನಿಂದ ಹೋಗುತ್ತೀರಾ? ಇಲ್ಲ ಎಂದಾದರೆ ಆ ಅರ್ಜಿ ಶುಲ್ಕವನ್ನು ಉಳಿಸಿಕೊಳ್ಳಿ.

ಮೊದಲ ರೌಂಡಿಗೆ ಹಾಕಿದರೆ ಚಾನ್ಸ್ ಜಾಸ್ತಿಯೇ?

ಶಾಲೆಗಳು ಅರ್ಜಿಗಳನ್ನು ಕಂತು ಕಂತಾಗಿ ತೆಗೆದುಕೊಳ್ಳುತ್ತವೆ, ಒಂದೊಂದು ಕಂತೂ ಒಂದು ರೌಂಡ್. ಸಾಮಾನ್ಯವಾಗಿ ಮೊದಲ ರೌಂಡ್ ಸೆಪ್ಟೆಂಬರ್ ಹೊತ್ತಿಗೆ, ಎರಡನೆಯದು ಜನವರಿ ಆರಂಭದಲ್ಲಿ, ಮೂರನೆಯದು ಮಾರ್ಚ್–ಏಪ್ರಿಲ್‌ನಲ್ಲಿ. ಮೊದಲ ಎರಡರ ನಡುವೆ ದೊಡ್ಡ ವ್ಯತ್ಯಾಸ ಇಲ್ಲ, ಮೂರನೆಯದರಲ್ಲಿ ಉಳಿದ ಸೀಟು ಕಡಿಮೆ. ಹೊರದೇಶದಿಂದ ಹೋಗುವವರು ವೀಸಾ ಸಮಯ ನೋಡಿಕೊಂಡು ಮೂರನೆಯದನ್ನು ಬಿಡುವುದೇ ಲೇಸು. ಸೆಪ್ಟೆಂಬರ್‌ಗೆ ಅರೆಬೆಂದ ಅರ್ಜಿ ಕಳಿಸುವ ಬದಲು ಜನವರಿಗೆ ಗಟ್ಟಿಯಾದದ್ದನ್ನು ಕಳಿಸಿ.

ಸಂದರ್ಶನಕ್ಕೆ ಕರೆ ಬಂದಿದೆ. ಈಗ ನನ್ನ ಸಾಧ್ಯತೆ ಎಷ್ಟಾಯಿತು?

ಶಾಲೆ ಯಾರನ್ನೆಲ್ಲ ಕರೆಯುತ್ತದೆ ಎಂಬುದರ ಮೇಲೆ ನಿಂತಿದೆ. ಫೈಲು ಓದಿ ಆರಿಸಿದವರನ್ನು ಮಾತ್ರ ಕರೆಯುವ ಕಡೆ, ಕರೆ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಸೀಟು ಸಿಗುವುದು ವಾಡಿಕೆ. ಬಹುತೇಕ ಎಲ್ಲರನ್ನೂ ಮಾತನಾಡಿಸುವ ಶಾಲೆಗಳಲ್ಲಿ ಕರೆಯಿಂದ ಹೆಚ್ಚೇನೂ ಊಹಿಸಬೇಡಿ.

ಸಂದರ್ಶನದ ಬಗೆಯನ್ನೂ ತಿಳಿದುಕೊಳ್ಳಿ. ಹಾರ್ವರ್ಡ್‌ನಲ್ಲಿ ಅರ್ಧ ಗಂಟೆ, ಎದುರಿಗೆ ಕೂತವರು ನಿಮ್ಮ ಇಡೀ ಅರ್ಜಿಯನ್ನು ಓದಿ ಬಂದಿರುತ್ತಾರೆ. ರೆಸ್ಯೂಮೆಯ ಮೂಲೆಯ ಸಾಲನ್ನೂ ಎತ್ತಿ ಕೇಳಬಹುದು. ವಾರ್ಟನ್‌ನಲ್ಲಿ ಐದಾರು ಅಭ್ಯರ್ಥಿಗಳನ್ನು ಒಟ್ಟಿಗೆ ಕೂರಿಸಿ 35 ನಿಮಿಷದ ಚರ್ಚೆ ನಡೆಸಿ, ಆಮೇಲೆ ಒಬ್ಬೊಬ್ಬರ ಜೊತೆ ಚುಟುಕಾಗಿ ಮಾತನಾಡುತ್ತಾರೆ. ಆ ಚರ್ಚೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತನಾಡಿದವರು ಗೆದ್ದರು ಎಂದೇನಿಲ್ಲ. ಬಾಯಿ ತೆರೆಯದೆ ಕೂತವರನ್ನು ಹೆಸರು ಹಿಡಿದು ಮಾತಿಗೆ ಎಳೆದವರು, ಸಮಯ ಮೀರುವ ಮುನ್ನ ಚರ್ಚೆಯನ್ನು ದಡ ಸೇರಿಸಿದವರು ನೋಡುವವರ ಗಮನಕ್ಕೆ ಬರುತ್ತಾರೆ.

ಸ್ಕಾಲರ್‌ಶಿಪ್ ಬೇಕು ಎಂದರೆ ಸೀಟು ತಪ್ಪುತ್ತದೆಯೇ?

ಹಾರ್ವರ್ಡ್‌ನಂಥ ಶಾಲೆಗಳಲ್ಲಿ ಪ್ರವೇಶದ ತೀರ್ಮಾನಕ್ಕೂ ಹಣದ ಅಗತ್ಯಕ್ಕೂ ಸಂಬಂಧವಿಲ್ಲ. ನೆರವಿನ ಅರ್ಜಿ ಸೀಟು ಸಿಕ್ಕ ಮೇಲೆ. ಬೇರೆ ಹಲವು ಕಡೆ ನೆರವನ್ನು ಪ್ರತಿಭೆ ನೋಡಿ ಕೊಡುತ್ತಾರೆ. ಅಲ್ಲಿ ಶಾಲೆಯ ಮಧ್ಯಾಂಕಕ್ಕಿಂತ ನಿಮ್ಮ ಸ್ಕೋರು ಎಷ್ಟು ಮೇಲಿದೆಯೋ ಅಷ್ಟು ಅನುಕೂಲ. ಹಣವೇ ನಿರ್ಣಾಯಕ ಎಂದಾದರೆ ಪಟ್ಟಿಯಲ್ಲಿ ಒಂದು ಮೆಟ್ಟಿಲು ಕೆಳಗಿನ ಶಾಲೆಗಳನ್ನೂ ಸೇರಿಸಿ.

ವೇಟ್‌ಲಿಸ್ಟ್ ಎಂದರೆ ಮರ್ಯಾದೆಯಾಗಿ ಇಲ್ಲ ಎಂದ ಹಾಗೆಯೇ?

ಅಲ್ಲ. ನಿಮ್ಮನ್ನು ತೆಗೆದುಕೊಳ್ಳಲು ಅಡ್ಡಿಯಿಲ್ಲ, ಸದ್ಯಕ್ಕೆ ಜಾಗವಿಲ್ಲ ಎಂದು. ಆಮೇಲಿನದು ಬೇರೆಯವರು ಬಿಟ್ಟುಹೋಗುವುದರ ಮೇಲೆ ನಿಂತಿದೆ, ಅದನ್ನು ಯಾರೂ ಮುಂಚೆ ಹೇಳಲಾರರು. ಶಾಲೆ ಹೊಸ ಮಾಹಿತಿ ಕಳಿಸಲು ಬಿಟ್ಟರೆ ಬಡ್ತಿ, ಹೆಚ್ಚಿದ ಸ್ಕೋರು, ಮುಗಿಸಿದ ಕೋರ್ಸ್ ಇಂಥದ್ದನ್ನು ಒಮ್ಮೆ ಕಳಿಸಿ. ಕಳಿಸಬೇಡಿ ಎಂದಿದ್ದರೆ ಕಳಿಸಲೇಬೇಡಿ.

ಹೋದ ವರ್ಷ ಎಲ್ಲ ಕಡೆ ಇಲ್ಲ ಎಂದರು. ಮತ್ತೆ ಹಾಕಿದರೆ ಪ್ರಯೋಜನವಿದೆಯೇ?

ಇದೆ, ಫೈಲು ಬದಲಾಗಿದ್ದರೆ. ಮತ್ತೆ ಅರ್ಜಿ ಹಾಕುವವರನ್ನು ಶಾಲೆಗಳು ಕೀಳಾಗಿ ಕಾಣುವುದಿಲ್ಲ. ಹೋದ ಸಲದಿಂದ ಈಚೆಗೆ ಏನು ಬದಲಾಯಿತು ಎಂದು ಕೇಳಲು ಕೆಲವರು ಪ್ರತ್ಯೇಕ ಪ್ರಬಂಧವನ್ನೇ ಇಟ್ಟಿರುತ್ತಾರೆ. ಹಳೆಯ ಅರ್ಜಿಯೂ ಅವರ ಬಳಿ ಇರುವ ಸಾಧ್ಯತೆ ಇದೆ, ಹಾಗಾಗಿ ಗುರಿಯನ್ನು ಬದಲಾಯಿಸಿದ್ದರೆ ಯಾಕೆ ಎಂದು ಹೇಳಿ.

ಏನು ತಪ್ಪಿತು ಎಂದು ಕಂಡುಕೊಳ್ಳಲು ಎಲ್ಲಿ ಬಿದ್ದಿರಿ ಎಂಬುದನ್ನು ನೋಡಿ. ಎಲ್ಲೂ ಸಂದರ್ಶನದ ಕರೆಯೇ ಬರಲಿಲ್ಲ ಎಂದರೆ ತೊಂದರೆ ಕಾಗದದ ಮೇಲಿದೆ: ಸ್ಕೋರು, ಅಂಕ, ರೆಸ್ಯೂಮೆ, ಇಲ್ಲವೇ ಶಾಲೆಗಳ ಆಯ್ಕೆಯೇ ತೀರಾ ಎತ್ತರದ್ದು. ಕರೆ ಬಂದು ಆಮೇಲೆ ಇಲ್ಲ ಎಂದಿದ್ದರೆ ಕಾಗದ ಸಾಕಷ್ಟು ಗಟ್ಟಿಯಿದೆ. ಮಾತಿನಲ್ಲಿ ಗುರಿ ಪೊಳ್ಳಾಗಿ ಕೇಳಿಸಿತೋ, ಅರ್ಜಿಯಲ್ಲಿದ್ದ ಮನುಷ್ಯ ಎದುರಿಗೆ ಕಾಣಲಿಲ್ಲವೋ ಎಂದು ಯೋಚಿಸಬೇಕು. ಮೊದಲ ಬಗೆಯವರು ಆರು ತಿಂಗಳಾದರೂ ಕೊಟ್ಟು ಹೊಸ ಪುರಾವೆ ಕೂಡಿಸಿಕೊಳ್ಳಲಿ. ಎರಡನೆಯ ಬಗೆಯವರು ತಮ್ಮ ಹಳೆಯ ಪ್ರಬಂಧವನ್ನು, ಆ ಕ್ಷೇತ್ರದಲ್ಲೇ ಕೆಲಸ ಮಾಡುತ್ತಿರುವ, ತಮ್ಮ ಪರಿಚಯ ಅಷ್ಟಾಗಿ ಇಲ್ಲದ ಒಬ್ಬರ ಕೈಗೆ ಕೊಟ್ಟು ಒಂದೇ ಪ್ರಶ್ನೆ ಕೇಳಲಿ: ಈ ವ್ಯಕ್ತಿಯನ್ನು ನಿಮ್ಮ ತಂಡಕ್ಕೆ ತೆಗೆದುಕೊಳ್ಳುತ್ತೀರಾ, ಇಲ್ಲವಾದರೆ ಎಲ್ಲಿ ತಡೆಯುತ್ತದೆ? ಉತ್ತರ ಬಂದಾಗ ವಾದಕ್ಕೆ ಇಳಿಯದೆ ಬರೆದುಕೊಳ್ಳಿ. ಮುಂದಿನ ಸಲದ ಪ್ರಬಂಧ ಆ ತಡೆಯಿಂದಲೇ ಶುರುವಾಗಲಿ.